ನೀಲಿಪಟ್ಟೆ ಜೇನುಹುಳ ತಾನೇ ನಿಲ್ಲುವ ಹೊತ್ತು: ಒಂದು ಮ್ಯಾಕ್ರೋ ಪ್ರಕರಣ

ಈ ಪ್ರಕರಣ ಬಯಲುಸೀಮೆಯ ಒಂದು ತಾಲ್ಲೂಕು ಕೇಂದ್ರದ್ದು. ಫೋಟೊ ತೆಗೆದವರು ಅಲ್ಲಿನ ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿಕೊಡುವ ಉಪನ್ಯಾಸಕಿ. ಅವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಹೆಸರು, ಊರು, ತೋಟದ ಗುರುತು ಯಾವುದನ್ನೂ ಕೊಟ್ಟಿಲ್ಲ. ಊರಿನ ಹೆಸರು ಬಿಟ್ಟದ್ದಕ್ಕೆ ಇನ್ನೊಂದು ಕಾರಣವೂ ಇದೆ, ಅದು ಮುಂದೆ ಬರುತ್ತದೆ. ಮ್ಯಾಕ್ರೋ ಫೋಟೊಗ್ರಫಿ, ಅಂದರೆ ಸಣ್ಣ ಜೀವಿಗಳನ್ನು ತೀರ ಹತ್ತಿರದಿಂದ ದೊಡ್ಡದಾಗಿ ತೆಗೆಯುವುದು, ನನಗೂ ಹಳೆಯ ಹುಚ್ಚು. ಹಾಗಾಗಿ ಅವರು ಪ್ರತಿ ವಾರ ಚಿತ್ರ ಕಳಿಸಿ ಚರ್ಚೆ ಮಾಡುತ್ತಿದ್ದರು, ಕೆಲವು ಸಲ ನಾನೂ ಜೊತೆಗೆ ಹೋಗಿದ್ದೆ.

ಒಂಟಿ ಜೇನುಗಳ ಫೋಟೊ ತೆಗೆಯಲು ಹೊರಟವರಿಗೆ ಇದರಿಂದ ಉಪಯೋಗವಾಗಲಿ ಅನ್ನುವುದು ಉದ್ದೇಶ. ಲೆನ್ಸು, ಫ್ಲ್ಯಾಶ್ ವಿಷಯ ಇದರಲ್ಲಿದೆ. ಆದರೆ ಚಿತ್ರ ಬದಲಾಗಿದ್ದು ಹುಳುವಿನ ದಿನಚರಿ ಗೊತ್ತಾದ ಮೇಲೆ.

ಹಿನ್ನೆಲೆ

ಜೇನು ಅಂದ ಕೂಡಲೇ ನಮಗೆ ನೆನಪಾಗುವುದು ಹೆಜ್ಜೇನು, ತುಡುವೆ, ಕೋಲುಜೇನು. ಹೆಚ್ಚೆಂದರೆ ಗೋಡೆ ಸಂದಿಯ ಮಿಸ್ರಿ. ಇವೆಲ್ಲ ಗುಂಪಿನಲ್ಲಿ ಬದುಕುವವು. ಆದರೆ ಜಗತ್ತಿನಲ್ಲಿ ಗುರುತಿಸಿರುವ 20,000ಕ್ಕೂ ಹೆಚ್ಚು ಜಾತಿಯ ಜೇನುಗಳಲ್ಲಿ ಹೆಚ್ಚಿನವು ಒಂಟಿ. ರಾಣಿ ಇಲ್ಲ, ಕೆಲಸಗಾರರಿಲ್ಲ, ತುಪ್ಪ ತುಂಬಿದ ಎರಿಯೂ ಇಲ್ಲ. ಒಂದೊಂದು ಹೆಣ್ಣೂ ತಾನೇ ಗೂಡು ತೋಡುತ್ತದೆ, ತಾನೇ ಪರಾಗ ತಂದು ಉಂಡೆ ಕಟ್ಟುತ್ತದೆ, ಅದರ ಮೇಲೆ ಒಂದು ಮೊಟ್ಟೆ ಇಟ್ಟು ಕೋಣೆ ಮುಚ್ಚುತ್ತದೆ. ಮರಿ ಹೊರಗೆ ಬರುವ ಹೊತ್ತಿಗೆ ಸಾಮಾನ್ಯವಾಗಿ ತಾಯಿ ಬದುಕಿರುವುದಿಲ್ಲ.

ಇವು ಕಾಡಿನಲ್ಲೇ ಇರಬೇಕೆಂದಿಲ್ಲ. ಬಿದಿರು ಕೊರೆಯುವ ಕಪ್ಪು ದುಂಬಿ ಒಂಟಿ ಜೇನೇ. ಗುಲಾಬಿ ಎಲೆಯ ಅಂಚನ್ನು ಗುಂಡಗೆ ಕತ್ತರಿಸಿಕೊಂಡು ಹೋಗುವುದೂ ಒಂಟಿ ಜೇನು. ಹಿತ್ತಲಿನ ತುಳಸಿಗೆ ಬರುವ ನೀಲಿಪಟ್ಟೆಯದೂ ಅದೇ ಕಥೆ. ಇದರ ವೈಜ್ಞಾನಿಕ ಕುಲ ಅಮೆಜಿಲ್ಲಾ. ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ಉದ್ದ. ಎದೆಯ ಮೇಲೆ ಕಂದು ಕೂದಲು, ಕಪ್ಪು ಹೊಟ್ಟೆಯ ಮೇಲೆ ಹೊಳೆಯುವ ನೀಲಿ ಪಟ್ಟೆಗಳು.

ಉಪನ್ಯಾಸಕಿ ಇದನ್ನೇ ಆರಿಸಿಕೊಂಡದ್ದಕ್ಕೆ ಕಾರಣ ಬದನೆ ಹೂವು. ಬದನೆ, ಟೊಮ್ಯಾಟೊ ಹೂಗಳಲ್ಲಿ ಪರಾಗ ಹೊರಗೆ ಸುಮ್ನೆ ಉದುರುವುದಿಲ್ಲ. ಅದು ಕೇಸರದ ಕೊಳವೆಯೊಳಗೆ ಇರುತ್ತದೆ, ತುದಿಯಲ್ಲಿ ಸಣ್ಣ ತೂತು ಮಾತ್ರ. ನೀಲಿಪಟ್ಟೆ ಹೂವನ್ನು ತಬ್ಬಿ ಹಿಡಿದು, ಹಾರಾಟದ ಸ್ನಾಯುಗಳನ್ನು ಅದುರಿಸಿ ಪರಾಗ ಉದುರಿಸಿಕೊಳ್ಳುತ್ತದೆ. ತುಡುವೆ, ಹೆಜ್ಜೇನುಗಳಿಗೆ ಈ ವಿದ್ಯೆ ಬರುವುದಿಲ್ಲ. ಪರಾಗಸ್ಪರ್ಶದ ಪಾಠ ಮಾಡುವಾಗ ಮಕ್ಕಳಿಗೆ ತಮ್ಮೂರಿನ ಹುಳುವನ್ನೇ ತೋರಿಸಬೇಕು, ನಾಲಿಗೆ, ಕಾಲಿನ ಪರಾಗದ ಕುಚ್ಚು, ಪಟ್ಟೆ ಎಲ್ಲ ಕಾಣುವಷ್ಟು ಹತ್ತಿರದಿಂದ ತೋರಿಸಬೇಕು ಅನ್ನುವುದು ಅವರ ಆಸೆ. ಕೈಯಲ್ಲಿ ಇದ್ದದ್ದು ಒಂದು ಕ್ರಾಪ್ ಸೆನ್ಸರ್ (ಸಣ್ಣ ಅಳತೆಯ ಸೆನ್ಸರ್) ಕ್ಯಾಮೆರಾ, 100 ಎಂಎಂ ಮ್ಯಾಕ್ರೋ ಲೆನ್ಸು, ಒಂದು ಫ್ಲ್ಯಾಶ್.

ಎಲ್ಲಿ ತೊಡಕಾಯಿತು

ನೀಲಿಪಟ್ಟೆ ಹೂವಿನ ಮುಂದೆ ಗಾಳಿಯಲ್ಲೇ ನಿಲ್ಲುತ್ತದೆ. ಉದ್ದ ನಾಲಿಗೆಯನ್ನು ಮೊದಲೇ ಚಾಚಿಕೊಂಡಿರುತ್ತದೆ. ಒಂದೆರಡು ಸೆಕೆಂಡ್ ಹೂವಿಗೆ ಬಾಯಿಟ್ಟು ಹೊರಟೇಬಿಡುತ್ತದೆ. ಅಷ್ಟರಲ್ಲಿ ಫೋಕಸ್ ಮಾಡಬೇಕು.

ಫೋಕಸ್ ಅಂದರೆ ಎಷ್ಟು ಜಾಗ? 1:1 ಹಿಗ್ಗುವಿಕೆಯಲ್ಲಿ (ಹುಳು ಸೆನ್ಸರಿನ ಮೇಲೆ ತನ್ನ ನಿಜ ಗಾತ್ರದಲ್ಲೇ ಮೂಡುವುದು), ಎಫ್/11ರಲ್ಲಿ (ಈ ಅಂಕಿ ಹೆಚ್ಚಿದಷ್ಟೂ ಲೆನ್ಸಿನ ಕಂಡಿ ಕಿರಿದು), ಕ್ರಾಪ್ ಸೆನ್ಸರಿನಲ್ಲಿ ಚೂಪಾಗಿ ಕಾಣುವ ಆಳ ಒಂದು ಮಿಲಿಮೀಟರಿಗಿಂತ ಕಡಿಮೆ. ಹುಳುವಿನ ಕಣ್ಣು ಚೂಪಾಗಿದ್ದರೆ ರೆಕ್ಕೆ ಮಂಜು. ನಮ್ಮ ಉಸಿರಾಟಕ್ಕೇ ಕ್ಯಾಮೆರಾ ಅದಕ್ಕಿಂತ ಜಾಸ್ತಿ ಹಿಂದೆ ಮುಂದೆ ಆಗುತ್ತದೆ. ಹಾಗಂತ ಎಫ್/16, ಎಫ್/22 ಅಂತ ಮುಚ್ಚುತ್ತಾ ಹೋದರೆ ಇನ್ನೊಂದು ಕಾಟ. 1:1ರಲ್ಲಿ ಎಫ್/16 ಅನ್ನುವುದು ಹೆಚ್ಚುಕಡಿಮೆ ಎಫ್/32ರಷ್ಟು ಕಿರಿದಾಗಿ ಕೆಲಸ ಮಾಡುತ್ತದೆ. ಬೆಳಕು ಆ ಸಣ್ಣ ಕಂಡಿಯಲ್ಲಿ ಚದುರಿ ಇಡೀ ಚಿತ್ರವೇ ಮೆತ್ತಗಾಗುತ್ತದೆ.

ಮೂರನೆಯದು ಆ ನೀಲಿ. ಬೆಳಕು ಬೀಳುವ ಕೋನ ಬದಲಾದರೆ ಪಟ್ಟೆ ಹಸಿರಿಗೆ ತಿರುಗುತ್ತದೆ. ಫ್ಲ್ಯಾಶ್ ನೇರವಾಗಿ ಹೊಡೆದರೆ ಬಿಳಿಚಿಕೊಳ್ಳುತ್ತದೆ. ಉಳಿದ ಕಪ್ಪು ಮೈಮೇಲೆ ಒಂದು ಬಿಳಿ ಚುಕ್ಕೆ ಕುಳಿತುಬಿಡುತ್ತದೆ.

ಬೆನ್ನಟ್ಟಿದ ದಿನಗಳು

ಎಲ್ಲರೂ ಮಾಡುವ ಹಾಗೆ ಅವರೂ ಹುಳುವಿನ ಹಿಂದೆ ಓಡಿದರು. ಶಟರ್ 1/2000, ಐಎಸ್‌ಒ (ಸೆನ್ಸರ್ ಬೆಳಕಿಗೆ ಸ್ಪಂದಿಸುವ ಮಟ್ಟ) 3200, ಆಟೋಫೋಕಸ್. ಬಿಸಿಲಿನಲ್ಲಿ ಕೆಲವು ಚಿತ್ರ ಸಿಕ್ಕವು. ಆದರೆ ದೊಡ್ಡದು ಮಾಡಿ ನೋಡಿದರೆ ಎದೆಯ ಕೂದಲೆಲ್ಲ ಮರಳು ಮರಳು. ಅಷ್ಟು ಹೆಚ್ಚಿನ ಐಎಸ್‌ಒದಲ್ಲಿ ನಯವಾದ ವಿವರ ಉಳಿಯುವುದಿಲ್ಲ.

ಆಗ ಬೆಳಕಿನ ಲೆಕ್ಕವನ್ನೇ ತಿರುಗಿಸಿದರು. ಈ ಬದಲಾವಣೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಹೊಸಬರು ಹೆಚ್ಚಾಗಿ ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ಚಲನೆಯನ್ನು ಶಟರ್ರೇ ಹಿಡಿಯಬೇಕೆಂದಿಲ್ಲ, ಫ್ಲ್ಯಾಶ್ ಹಿಡಿಯಬಲ್ಲದು. ಸಾಮಾನ್ಯ ಫ್ಲ್ಯಾಶನ್ನು 1/16 ಪವರಿಗೆ ಇಳಿಸಿದರೆ ಅದು ಮಿಂಚುವ ಅವಧಿ ಸೆಕೆಂಡಿನ ಹತ್ತು ಸಾವಿರದಲ್ಲಿ ಒಂದು ಪಾಲಿನ ಆಸುಪಾಸಿಗೆ ಬರುತ್ತದೆ. ಶಟರ್ 1/200 ಇಟ್ಟರೂ ಸಾಕು. ಐಎಸ್‌ಒ 200ಕ್ಕೆ ಇಳಿಯಿತು, ಎಫ್/11 ಹಾಗೇ ಉಳಿಯಿತು. ಕೂದಲು ಒಂದೊಂದಾಗಿ ಕಾಣತೊಡಗಿತು.

ಬಿಳಿ ಚುಕ್ಕೆಯ ಕಾಟಕ್ಕೆ ಮೊಸರಿನ ಬಿಳಿ ಡಬ್ಬಿ ಕತ್ತರಿಸಿ, ಒಳಗೆ ಬಟರ್ ಪೇಪರ್ ಅಂಟಿಸಿ ಡಿಫ್ಯೂಸರ್ (ಬೆಳಕನ್ನು ಹರಡಿ ಮೆದು ಮಾಡುವ ಪರದೆ) ಮಾಡಿಕೊಂಡರು. ಅದನ್ನು ಫ್ಲ್ಯಾಶಿನ ತಲೆಗೆ ಅಂಟಿಸದೆ ಲೆನ್ಸಿನ ತುದಿಯ ಹತ್ತಿರಕ್ಕೆ ಬರುವ ಹಾಗೆ ಕಟ್ಟಿದ್ದು ಒಳ್ಳೆಯ ನಿರ್ಧಾರ. ಹುಳುವಿಗೆ ಹತ್ತಿರವಾದಷ್ಟೂ ಬೆಳಕಿನ ಮೂಲ ಹುಳುವಿನ ಲೆಕ್ಕದಲ್ಲಿ ದೊಡ್ಡದಾಗುತ್ತದೆ, ನೆರಳು ಮೆದುವಾಗುತ್ತದೆ. ನೀಲಿ ನೀಲಿಯಾಗಿಯೇ ಬಂತು. ದುಬಾರಿ ಡಿಫ್ಯೂಸರ್ ಕೊಳ್ಳುವ ಮುಂಚೆ ಇದನ್ನು ಮಾಡಿ ನೋಡಿ ಎಂದು ಎಲ್ಲರಿಗೂ ಹೇಳುತ್ತೇನೆ.

ಆದರೂ ಹತ್ತಿರದ ಚಿತ್ರ ಸಿಗಲಿಲ್ಲ. ಕ್ಯಾಮೆರಾ ಹತ್ತಿರ ಹೋದರೆ ಹುಳು ಹಾರಿ ಹೋಗುತ್ತಿತ್ತು.

ಫ್ರಿಜ್ಜಿನ ಸಲಹೆ

ಈ ಹೊತ್ತಿನಲ್ಲಿ ಪರಿಚಯದ ಫೋಟೊಗ್ರಾಫರ್ ಒಬ್ಬರು ಒಂದು ದಾರಿ ಹೇಳಿದರು. ಹುಳುವನ್ನು ಬಾಟಲಿಯಲ್ಲಿ ಹಿಡಿಯಿರಿ, ಸ್ವಲ್ಪ ಹೊತ್ತು ಫ್ರಿಜ್ಜಿನಲ್ಲಿಡಿ, ಆಮೇಲೆ ಹೂವಿನ ಮೇಲೆ ಕೂರಿಸಿ. ಚಳಿಗೆ ಮರಗಟ್ಟಿ ಅಲುಗುವುದಿಲ್ಲ, ಬೇಕಾದಷ್ಟು ಹೊತ್ತು ತೆಗೆಯಬಹುದು. ಹುಳು ಸಾಯುವುದಿಲ್ಲವಲ್ಲ, ಏನು ತೊಂದರೆ?

ಉಪನ್ಯಾಸಕಿ ನನಗೆ ಫೋನ್ ಮಾಡಿದರು. "ಸರ್, ಎಲ್ಲರೂ ಹೀಗೇ ಮಾಡ್ತಾರಂತೆ. ನಿಮಗೇನನ್ನಿಸುತ್ತೆ?"

ನಾವಿಬ್ಬರೂ ಇದನ್ನು ತುಂಬ ಹೊತ್ತು ಮಾತಾಡಿದೆವು. ಒಂಟಿ ಜೇನಿನ ಹೆಣ್ಣು ದೊಡ್ಡದಾದ ಮೇಲೆ ಬದುಕುವುದೇ ಕೆಲವು ವಾರ. ಅಷ್ಟರಲ್ಲಿ ಇಡುವ ಮೊಟ್ಟೆಗಳು ಸಾವಿರಗಟ್ಟಲೆ ಅಲ್ಲ, ಹತ್ತಿಪ್ಪತ್ತು. ತುಡುವೆ ಗೂಡಿನಿಂದ ಒಂದು ಹುಳ ಒಂದು ಗಂಟೆ ಕಾಣೆಯಾದರೆ ಗೂಡಿಗೆ ಗೊತ್ತೂ ಆಗುವುದಿಲ್ಲ. ಇಲ್ಲಿ ಹಾಗಲ್ಲ. ಆ ಕೋಣೆಗೆ ಪರಾಗ ತರುವವಳು ಅವಳೊಬ್ಬಳೇ. ಅವಳು ಬಾಟಲಿಯಲ್ಲಿದ್ದಾಗ ಗೂಡಿನ ಬಾಯಿ ತೆರೆದೇ ಇರುತ್ತದೆ.

ಚಿತ್ರದ ದೃಷ್ಟಿಯಿಂದಲೂ ಅದು ಸುಳ್ಳು. ಚಳಿಗೆ ಮರಗಟ್ಟಿದ ಹುಳುವಿನ ಕಾಲು ಮಡಚಿರುತ್ತದೆ, ಕುಡಿಮೀಸೆ (ಆಂಟೆನಾ) ಜೋತಿರುತ್ತದೆ, ನಾಲಿಗೆ ಹೂವಿನೊಳಗೆ ಇರುವುದಿಲ್ಲ. ಹುಳು ಹೇಗೆ ಬದುಕುತ್ತದೆ ಎಂದು ಮಕ್ಕಳಿಗೆ ತೋರಿಸಲು ಹೊರಟ ಚಿತ್ರದಲ್ಲಿ ಹುಳು ಏನೂ ಮಾಡುತ್ತಲೇ ಇಲ್ಲ, ಅಲ್ವಾ? ಅವರು ಬೇಡ ಎಂದು ತೀರ್ಮಾನಿಸಿದರು. ಈ ಪ್ರಕರಣದಲ್ಲಿ ನನಗೆ ಅತಿ ಮುಖ್ಯವಾಗಿ ಕಾಣುವ ತೀರ್ಮಾನ ಇದೇ. ಹುಳುವನ್ನು ನಿಲ್ಲಿಸುವ ದಾರಿ ಮುಚ್ಚಿದ್ದರಿಂದಲೇ ಅದು ತಾನಾಗಿ ನಿಲ್ಲುವುದು ಎಲ್ಲಿ ಅನ್ನುವ ಪ್ರಶ್ನೆ ಎದ್ದಿತು.

ಕಾಯುವುದು

ಮೊದಲು ಸಿಕ್ಕ ಉತ್ತರ ಅರ್ಧದ್ದು. ನೀಲಿಪಟ್ಟೆ ಒಂದು ಗಿಡದ ಸುತ್ತ ಬಂದರೆ ಸ್ವಲ್ಪ ಹೊತ್ತಿನ ಮೇಲೆ ಅದೇ ದಾರಿಯಲ್ಲಿ ಮತ್ತೆ ಬರುತ್ತದೆ. ಹಾಗಾಗಿ ಓಡುವುದನ್ನು ಬಿಟ್ಟು ಒಂದೇ ತುಳಸಿ ತೆನೆಯ ಮುಂದೆ ಸ್ಟೂಲು ಹಾಕಿ ಕೂತರು. ಆಟೋಫೋಕಸ್ ಬಂದ್. ಫೋಕಸ್ ಒಂದು ದೂರಕ್ಕೆ ಕಟ್ಟಿ, ಹುಳು ಬಂದಾಗ ಮೈಯನ್ನೇ ಒಂದಿಷ್ಟು ಹಿಂದೆ ಮುಂದೆ ತೂಗುವುದು.

ಜೊತೆಗೆ ಹಿಗ್ಗುವಿಕೆಯ ಆಸೆಯನ್ನೂ ಇಳಿಸಿದರು. 1:1ರ ಬದಲು 1:2. ಹೀಗೆ ಮಾಡಿದರೆ ಅದೇ ಎಫ್/11ರಲ್ಲಿ ಚೂಪಾದ ಆಳ ಸುಮಾರು ಮೂರು ಪಟ್ಟಾಗುತ್ತದೆ, ಹುಳುವಿನಿಂದ ಲೆನ್ಸಿಗೆ ದೂರವೂ ಹೆಚ್ಚುತ್ತದೆ. ಆಮೇಲೆ ಕ್ರಾಪ್ ಮಾಡಿಕೊಂಡರಾಯಿತು. ಇಂದಿನ ಸೆನ್ಸರುಗಳಲ್ಲಿ ಅದಕ್ಕೆ ಬೇಕಾದಷ್ಟು ಪಿಕ್ಸೆಲ್ ಇರುತ್ತವೆ. ಗಾಳಿಯಲ್ಲಿ ನಿಂತು ನಾಲಿಗೆ ಚಾಚಿದ ಹೆಣ್ಣಿನ ಚಿತ್ರ ಸಿಕ್ಕಿದ್ದು ಹೀಗೆ. ಹಿಂಗಾಲಿನಲ್ಲಿ ಹಳದಿ ಪರಾಗ ಮೆತ್ತಿಕೊಂಡಿತ್ತು.

ಆದರೆ ಮುಖದ ಹತ್ತಿರದ ಚಿತ್ರ, ಕಣ್ಣು, ದವಡೆ, ಕುಡಿಮೀಸೆ ಎಲ್ಲ ಒಟ್ಟಿಗೆ ಚೂಪಾಗಿರುವುದು, ಇದರಿಂದ ಆಗುವಂಥದ್ದಲ್ಲ. ಅದಕ್ಕೆ ಫೋಕಸ್ ಸ್ಟ್ಯಾಕಿಂಗ್ ಬೇಕು. ಫೋಕಸನ್ನು ಚೂರು ಚೂರೇ ಸರಿಸುತ್ತಾ ಹತ್ತಾರು ಚಿತ್ರ ತೆಗೆದು, ಕಂಪ್ಯೂಟರಿನಲ್ಲಿ ಚೂಪಾದ ಭಾಗಗಳನ್ನು ಸೇರಿಸುವುದು. ಹುಳು ಅಷ್ಟು ಹೊತ್ತು ಒಂದೇ ಕಡೆ ಇರಬೇಕು.

ತೋಟದ ಯಜಮಾನರ ಮಾತು

ಊರ ಹೊರಗೆ ಒಂದು ತೋಟವಿದೆ. ಬದನೆ, ಟೊಮ್ಯಾಟೊ ಬೆಳೆಯುತ್ತಾರೆ. ಬೇಲಿ ಪಕ್ಕ ತುಂಬೆ, ಕಾಮಕಸ್ತೂರಿ ತಾನಾಗಿ ಬೆಳೆದಿದೆ. ಉಪನ್ಯಾಸಕಿ ಅಲ್ಲಿ ಕಾಯುತ್ತಾ ಕೂರುವುದನ್ನು ತೋಟದ ಯಜಮಾನರು ದಿನಾ ನೋಡುತ್ತಿದ್ದರು. ಒಂದು ದಿನ ಹತ್ತಿರ ಬಂದು ಕೇಳಿದರು.

"ಮೇಡಂ, ಈ ಗುಂಯ್‌ಗುಟ್ಟೋ ಹುಳಕ್ಕಾ ಇಷ್ಟು ಕಷ್ಟಪಡ್ತಿರೋದು?"

"ಹೌದು ಯಜಮಾನ್ರೇ. ಒಂದ್ಕಡೆ ಕೂರೋದೇ ಇಲ್ಲ."

"ಕೂರ್ತವಲ್ಲ! ರಾತ್ರಿ ನೀರು ಹಾಯ್ಸೋಕೆ ಬಂದಾಗ ನೋಡಿದೀನಿ. ಬೇಲಿಗುಂಟ ಒಣಗಿದ ಕಡ್ಡಿ ಕಚ್ಕೊಂಡು ಸಾಲಾಗಿ ಮಲಗಿರ್ತವೆ."

ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟು ಬರುವುದು ಎಷ್ಟೋ ಕಡೆ ರಾತ್ರಿ ಹೊತ್ತಿನಲ್ಲಿ. ಅದಕ್ಕೇ ಅವರು ಟಾರ್ಚ್ ಹಿಡಿದು ನಡುರಾತ್ರಿ, ಬೆಳಗಿನ ಜಾವ ಆ ಬೇಲಿಗುಂಟ ಓಡಾಡುತ್ತಿದ್ದರು. ಹಗಲಲ್ಲಿ ಕ್ಯಾಮೆರಾ ಹಿಡಿದು ಬರುವವರಿಗೆ ಇದು ಕಾಣುವ ಮಾತೇ ಇಲ್ಲ.

ಅವರು ಹೇಳಿದ್ದು ಅಕ್ಷರಶಃ ನಿಜ. ನೀಲಿಪಟ್ಟೆಯ ಹೆಣ್ಣುಗಳು ರಾತ್ರಿ ತಮ್ಮ ಗೂಡಿನೊಳಗೆ ಇರುತ್ತವೆ. ಗಂಡುಗಳಿಗೆ ಗೂಡಿಲ್ಲ. ಸಂಜೆಯಾದಾಗ ಒಣ ಕಡ್ಡಿಯನ್ನು ದವಡೆಯಲ್ಲಿ ಕಚ್ಚಿ ಹಿಡಿದು, ಕಾಲು ಮಡಚಿ, ಆ ಕಚ್ಚಿನ ಮೇಲೇ ರಾತ್ರಿ ಕಳೆಯುತ್ತವೆ. ಹಲವು ಒಟ್ಟಿಗೆ ಇರುತ್ತವೆ, ದಿನವೂ ಅದೇ ಕಡ್ಡಿಗೆ ಬರುವುದೂ ಉಂಟು. ಗಂಡು ಜೇನಿಗೆ ಚುಚ್ಚುವ ಮುಳ್ಳು ಇರುವುದಿಲ್ಲ, ಹಾಗಾಗಿ ಹತ್ತಿರ ಹೋಗಲು ಹೆದರಬೇಕಿಲ್ಲ.

ಸಂಜೆಯೋ, ಬೆಳಗಿನ ಜಾವವೋ

ಮೊದಲು ಹೋಗಿದ್ದು ಸಂಜೆ. ಮನೆ, ಕಾಲೇಜು ಎರಡಕ್ಕೂ ಅದೇ ಅನುಕೂಲ. ಆದರೆ ಆ ಹೊತ್ತಿನಲ್ಲಿ ಹುಳುಗಳು ಇನ್ನೂ ಜಾಗ ಹಿಡಿಯುತ್ತಿರುತ್ತವೆ. ಒಂದು ಬಂದು ಕೂತರೆ ಇನ್ನೊಂದು ತಳ್ಳುತ್ತದೆ. ಹತ್ತಿರದಲ್ಲಿ ಫ್ಲ್ಯಾಶ್ ಮಿಂಚಿದಾಗ ಎರಡು ಹುಳು ಕಡ್ಡಿ ಬಿಟ್ಟು ಬೇರೆ ಕಡೆಗೆ ಹಾರಿದವು. ಕತ್ತಲಾಗುತ್ತಿರುವಾಗ ಜಾಗ ಕಳೆದುಕೊಂಡ ಹುಳುವಿಗೆ ಮತ್ತೊಂದು ಜಾಗ ಹುಡುಕಲು ಬೆಳಕೂ ಇಲ್ಲ, ಮೈಬಿಸಿಯೂ ಇಲ್ಲ. ಅವರು ಆ ದಿನ ಅಲ್ಲಿಗೇ ನಿಲ್ಲಿಸಿದರು. ಸಂಜೆ ಬರೀ ಕಡ್ಡಿ ಎಲ್ಲಿದೆ ಎಂದು ದೂರದಿಂದ ನೋಡಿಕೊಳ್ಳುವುದು, ಚಿತ್ರ ಬೆಳಗಿನ ಜಾವ ಎಂದು ಬದಲಿಸಿದರು.

ಇದು ದೊಡ್ಡ ತಿರುವು. ಕಾರ್ತಿಕ ಮುಗಿಯುವ ಹೊತ್ತಿನ ಬಯಲುಸೀಮೆಯ ಬೆಳಗು ತಣ್ಣಗಿರುತ್ತದೆ. ಸೂರ್ಯ ಹುಟ್ಟುವ ಮುಂಚೆ ಗಾಳಿಯೂ ಇರುವುದಿಲ್ಲ. ಮೈ ಬಿಸಿಯಾಗದೆ ಹುಳು ಹಾರಲಾರದು. ಫ್ರಿಜ್ಜಿನಿಂದ ಸಿಗುತ್ತದೆ ಎಂದು ಹೇಳಿದ್ದ ಆ ನಿಶ್ಚಲತೆ ಇಲ್ಲಿ ಹುಳುವಿನ ಸ್ವಂತ ಜಾಗದಲ್ಲಿ, ಅದರ ಸ್ವಂತ ಭಂಗಿಯಲ್ಲಿ ಇತ್ತು.

ತೆಗೆದ ಕ್ರಮ ಹೀಗೆ. ಟ್ರೈಪಾಡ್ ಕಾಲನ್ನು ಕಡ್ಡಿಗೆ ತಾಗದ ಹಾಗೆ ಇಡುವುದು. ಪಕ್ಕದಲ್ಲಿ ಒಂದು ಬಿದಿರು ಕೋಲು ನೆಟ್ಟು, ಬಟ್ಟೆ ಒಣಗಿಸುವ ಕ್ಲಿಪ್ಪಿನಿಂದ ಕಡ್ಡಿಯನ್ನು ತೀರ ಬುಡದ ಹತ್ತಿರ ಹಿಡಿದುಕೊಳ್ಳುವುದು. ಫ್ಲ್ಯಾಶ್ ಇಲ್ಲ, ಆಕಾಶದ ಬೆಳಕೊಂದೇ. ಐಎಸ್‌ಒ 400, ರಿಮೋಟ್ ಶಟರ್. ಸ್ಟ್ಯಾಕಿಂಗಿಗೆ ಎಫ್/11 ಬೇಕಿಲ್ಲ. ಲೆನ್ಸು ಚೂಪಾಗಿರುವ ಎಫ್/5.6 ಸಾಕು, ಆಳವನ್ನು ಚಿತ್ರಗಳ ಸಂಖ್ಯೆಯಲ್ಲಿ ಗಳಿಸಬಹುದು. ಆಗ ಒಂದೊಂದು ಚಿತ್ರದಲ್ಲಿ ಚೂಪಾದ ಆಳ ಅರ್ಧ ಮಿಲಿಮೀಟರಿಗೂ ಕಡಿಮೆ, ಹಾಗಾಗಿ 0.3 ಮಿಲಿಮೀಟರಿನಂತೆ ಸರಿಸಬೇಕು. ಪಕ್ಕದಿಂದ ನೋಡಿದ ಹುಳುವಿಗೆ ಇಪ್ಪತ್ತು ಚಿತ್ರದೊಳಗೆ ಮುಗಿಯುತ್ತದೆ. ಎದುರಿನಿಂದ, ತಲೆಯಿಂದ ಬಾಲದವರೆಗೆ ಬೇಕೆಂದರೆ ನಲವತ್ತರ ಹತ್ತಿರ.

ನಿಲ್ಲಿಸುವ ಗುರುತನ್ನೂ ಅವರು ಮೊದಲೇ ಗೊತ್ತು ಮಾಡಿಕೊಂಡರು. ಬಿಸಿಲು ತಾಗುವ ಹೊತ್ತಿಗೆ ಕುಡಿಮೀಸೆ ಮೇಲೇಳುತ್ತದೆ, ಹೊಟ್ಟೆ ಏರಿಳಿಯತೊಡಗುತ್ತದೆ. ಹುಳು ಎದೆಯ ಸ್ನಾಯುಗಳನ್ನು ನಡುಗಿಸಿ ಬಿಸಿಯಾಗುತ್ತಿದೆ ಎಂದರ್ಥ. ಕುಡಿಮೀಸೆ ಎದ್ದಿತೋ, ಕ್ಲಿಪ್ ಬಿಚ್ಚಿ ಹಿಂದೆ ಸರಿಯುವುದು. ಸ್ಟ್ಯಾಕ್ ಅರ್ಧಕ್ಕೇ ನಿಂತರೂ ಸರಿ. ಹಾಗೆ ಅರ್ಧಕ್ಕೆ ನಿಂತ ಚಿತ್ರಗಳು ಬೇಕಾದಷ್ಟಿವೆ.

ಮುಖದ ಚಿತ್ರ ಕೊನೆಗೂ ಸಿಕ್ಕಿತು. ಕಡ್ಡಿಯನ್ನು ಕಚ್ಚಿದ ದವಡೆ, ಹಸಿರು ಛಾಯೆಯ ಕಣ್ಣು, ಕೂದಲ ತುದಿಯಲ್ಲಿ ಇಬ್ಬನಿ. ಆ ಚಿತ್ರ ನೋಡಿದಾಗ ನನಗಾದ ಸಂತೋಷ ಹೇಳಲಾರೆ.

ಕಡ್ಡಿ ಕಿತ್ತ ಬೆಳಗು

ಚಿತ್ರ ನೋಡಿದ ಆಸಕ್ತರೊಬ್ಬರು ತಾವೂ ಬರುತ್ತೇನೆಂದರು. ಉಪನ್ಯಾಸಕಿ ಕರೆದುಕೊಂಡು ಹೋದರು. ಬಂದವರಿಗೆ ಹಿನ್ನೆಲೆ ಚೊಕ್ಕಟವಾಗಿ ಬೇಕಿತ್ತು. ಸುತ್ತಲಿನ ಒಣಹುಲ್ಲು ಕಿತ್ತರು. ಅದೂ ಸಾಲದೆ, ಹುಳುಗಳಿದ್ದ ಕಡ್ಡಿಯನ್ನೇ ಮೆಲ್ಲಗೆ ಮುರಿದು ಹಸಿರು ಗಿಡದ ಮುಂದೆ ನೆಟ್ಟರು. ಉಪನ್ಯಾಸಕಿ ಇನ್ನೊಂದು ಬದಿಯಲ್ಲಿದ್ದರು, ಗೊತ್ತಾಗುವಷ್ಟರಲ್ಲಿ ಆಗಿಹೋಗಿತ್ತು.

ಹುಳುಗಳು ಬೆಳಕಾದ ಮೇಲೆ ಹಾರಿದವು. ಸಂಜೆ ಆ ಜಾಗಕ್ಕೆ ಬಂದು ಸುತ್ತಿದವು, ಸುತ್ತಿದವು, ಕೂರಲು ಅಲ್ಲಿ ಕಡ್ಡಿಯೇ ಇರಲಿಲ್ಲ. ಕೆಲವು ದಿನಗಳ ಮೇಲೆ ಬೇಲಿಯ ಆ ತುದಿಯಲ್ಲಿ ಒಂದು ಸಣ್ಣ ಗುಂಪು ಸಿಕ್ಕಿತು, ಮೊದಲಿನಷ್ಟು ಹುಳು ಅದರಲ್ಲಿರಲಿಲ್ಲ.

ಮ್ಯಾಕ್ರೋ ಮಾಡುವವರು ಈ ಹುಲ್ಲು ಕೀಳುವುದಕ್ಕೆ ಗಾರ್ಡನಿಂಗ್ ಎನ್ನುತ್ತಾರೆ. ನಮ್ಮ ಕಣ್ಣಿಗೆ ಕಸವಾಗಿ ಕಾಣುವ ಒಣಹುಲ್ಲು ಆ ಹುಳುವಿಗೆ ಗಾಳಿಯ ತಡೆ, ಹಕ್ಕಿಗಳಿಂದ ಮರೆ, ತಿರುಗಿ ಬರುವ ದಾರಿಯ ಗುರುತು. ಅಡ್ಡ ಬಂದ ಹುಲ್ಲನ್ನು ದಾರದಿಂದ ಪಕ್ಕಕ್ಕೆ ಕಟ್ಟಿ, ಆಮೇಲೆ ಬಿಚ್ಚಬಹುದು. ಕೀಳುವ ಅಗತ್ಯವೇ ಇಲ್ಲ. ಅಂದಿನಿಂದ ಅವರು ಜಾಗವನ್ನು ಯಾರಿಗೂ ಹೇಳುತ್ತಿಲ್ಲ. ಜೀವಿಗಳ ಚಿತ್ರ ಹಾಕಿ ಗುರುತಿಸಿಕೊಳ್ಳುವ ಜಾಲತಾಣ ಐನ್ಯಾಚುರಲಿಸ್ಟ್‌ಗೆ ಚಿತ್ರ ಹಾಕುವಾಗಲೂ ಜಾಗವನ್ನು ಮಸುಕು ಮಾಡುವ ಆಯ್ಕೆ ಬಳಸುತ್ತಾರೆ. ಈ ಬರಹದಲ್ಲಿ ಊರಿಲ್ಲದಿರುವುದೂ ಅದಕ್ಕೇ.

ಕಂಪ್ಯೂಟರಿನಲ್ಲಿ ಸಿಕ್ಕ ಇನ್ನೊಂದು ಹುಳು

ಹೊಸ ಗುಂಪಿನ ಚಿತ್ರಗಳನ್ನು ದೊಡ್ಡದು ಮಾಡಿ ನೋಡುವಾಗ ಪಕ್ಕದ ಕಡ್ಡಿಯ ಮೇಲಿನ ಒಂದು ಹುಳು ಬೇರೆ ಥರ ಕಂಡಿತು. ಪಟ್ಟೆ ಇಲ್ಲ. ಕಪ್ಪು ಮೈಮೇಲೆ ನೀಲಿ ಮಚ್ಚೆಗಳು. ಅದು ಥೈರಿಯಸ್ ಅನ್ನುವ ಬೇರೊಂದು ಜೇನು. ಕೋಗಿಲೆ ಕಾಗೆಯ ಗೂಡಿನಲ್ಲಿ ಮೊಟ್ಟೆ ಇಡುವ ಹಾಗೆ ಇದು ನೀಲಿಪಟ್ಟೆಯ ಗೂಡಿಗೆ ನುಗ್ಗಿ ಮೊಟ್ಟೆ ಇಡುತ್ತದೆ. ಇದರ ಮರಿ ಅಲ್ಲಿನ ಪರಾಗ ತಿಂದು ಬೆಳೆಯುತ್ತದೆ. ಇದೂ ಕಡ್ಡಿ ಕಚ್ಚಿಕೊಂಡೇ ಮಲಗುತ್ತದೆ.

ಅವರು ಇಲ್ಲಿ ಮಾಡಿದ ಯೋಚನೆ ನನಗೆ ಬಹಳ ಇಷ್ಟ. ಥೈರಿಯಸ್ ಇದೆ ಎಂದರೆ ಅದು ನುಗ್ಗುವ ಗೂಡುಗಳೂ ಹತ್ತಿರ ಎಲ್ಲೋ ಇರಬೇಕು. ಹುಡುಕಿದರು. ಬೇಲಿಯಿಂದ ಅಷ್ಟು ದೂರವಲ್ಲದ ಹಳೆಯ ಪಂಪ್‌ಹೌಸಿನ ಮಣ್ಣಿನ ಗೋಡೆಯಲ್ಲಿ, ಸೂರಿನ ಕೆಳಗೆ ಒಣಗಿದ ಕಡೆ, ಬೆರಳು ತೂರದಷ್ಟು ಸಣ್ಣ ತೂತುಗಳು. ಹೆಣ್ಣುಗಳು ಪರಾಗ ಹೊತ್ತು ಒಳಗೆ ಹೋಗುತ್ತಿದ್ದವು.

ಗೂಡಿನ ಮುಂದೆ ಟ್ರೈಪಾಡ್ ಇಟ್ಟರೆ ಏನಾಗುತ್ತದೆ? ವಾಪಸ್ ಬಂದ ಹೆಣ್ಣು ತೂತಿನ ಮುಂದೆ ಎಡಕ್ಕೂ ಬಲಕ್ಕೂ ತೂಗಾಡುತ್ತಾ ಒಳಗೆ ಹೋಗಲಾರದೆ ಒದ್ದಾಡಿತು. ಇದಕ್ಕೆ ಕಾರಣ ವಿಜ್ಞಾನಿಗಳಿಗೆ ಹಳೆಯದು. ನೆದರ್ಲೆಂಡ್ಸ್‌ನ ನಿಕೋ ಟಿನ್‌ಬರ್ಗನ್ 1930ರ ದಶಕದಲ್ಲಿ ನೆಲದಲ್ಲಿ ಗೂಡು ಮಾಡುವ ಒಂಟಿ ಕಣಜದ ಗೂಡಿನ ಸುತ್ತ ಪೈನ್ ಮರದ ಕಾಯಿಗಳನ್ನು ಜೋಡಿಸಿಟ್ಟರು. ಕಣಜ ಹೊರಗೆ ಹೋದಾಗ ಆ ಕಾಯಿಗಳನ್ನು ಪಕ್ಕಕ್ಕೆ ಸರಿಸಿದರು. ತಿರುಗಿ ಬಂದ ಕಣಜ ಗೂಡಿಗೆ ಹೋಗದೆ ಕಾಯಿಗಳ ನಡುವಿನ ಖಾಲಿ ಜಾಗಕ್ಕೆ ಹೋಯಿತು. ಗೂಡನ್ನು ಅದು ಸುತ್ತಲಿನ ವಸ್ತುಗಳ ಜೋಡಣೆಯಿಂದ ಗುರುತು ಹಿಡಿಯುತ್ತಿತ್ತು. ಒಂಟಿ ಜೇನಿನ ಹೆಣ್ಣೂ ಹೀಗೇ ಸುತ್ತಲಿನ ಗುರುತುಗಳನ್ನು ನೆನಪಿಟ್ಟುಕೊಳ್ಳುತ್ತದೆ. ಗೋಡೆಯ ಮುಂದೆ ದಿಢೀರನೆ ಮೂರು ಕಾಲಿನ ಕಪ್ಪು ವಸ್ತು ಎದ್ದರೆ ಲೆಕ್ಕ ತಪ್ಪುತ್ತದೆ.

ಟ್ರೈಪಾಡ್ ತೆಗೆದರು. ಮ್ಯಾಕ್ರೋ ಲೆನ್ಸನ್ನೂ ಬಿಟ್ಟರು, ಯಾಕೆಂದರೆ 1:1ಕ್ಕೆ ಹೋಗಬೇಕಾದರೆ ಲೆನ್ಸಿನ ಮೂತಿ ಹುಳುವಿನಿಂದ ಒಂದು ಗೇಣಿಗೂ ಹತ್ತಿರ ಹೋಗಬೇಕು. ಒಂದು ಮೀಟರ್ ದೂರದಿಂದ ಫೋಕಸ್ ಮಾಡುವ ಟೆಲಿಫೋಟೊ ಲೆನ್ಸು ಎರವಲು ತಂದು, ಹುಳು ಬರುವ ದಾರಿ ಬಿಟ್ಟು ಗೋಡೆಯ ಪಕ್ಕಕ್ಕೆ ಕೂತರು. ಹಿಗ್ಗುವಿಕೆ ಕಡಿಮೆಯಾಯಿತು. ಅದನ್ನು ಒಪ್ಪಿಕೊಂಡರು. ತೂತಿನಿಂದ ಮುಖ ಹೊರಗಿಟ್ಟ ಹೆಣ್ಣಿನ ಚಿತ್ರ ಹತ್ತಿರದ್ದಲ್ಲ, ಆದರೆ ತರಗತಿಯಲ್ಲಿ ಮಕ್ಕಳು ಅತಿ ಹೆಚ್ಚು ಹೊತ್ತು ನೋಡಿದ್ದು ಅದನ್ನೇ.

ಚಂದದ ಚಿತ್ರ, ಉಪಯೋಗದ ಚಿತ್ರ

ಇಷ್ಟೆಲ್ಲ ಮಾಡಿ ತೆಗೆದ ಮುಖದ ಸ್ಟ್ಯಾಕನ್ನು ಗುರುತಿಸಲು ಹಾಕಿದಾಗ ಅದು ಅಮೆಜಿಲ್ಲಾ ಕುಲಕ್ಕೇ ನಿಂತಿತು. ನೀಲಿಪಟ್ಟೆಗಳಲ್ಲಿ ಒಂದನ್ನೊಂದು ಹೋಲುವ ಜಾತಿಗಳಿವೆ. ಬರೀ ಮುಖ ನೋಡಿ ಹೇಳಲಾಗದು. ರೆಕ್ಕೆಯ ನರಗಳು, ಹಿಂಗಾಲಿನ ಕೂದಲಿನ ಬಣ್ಣ, ಹೊಟ್ಟೆಯ ಮೇಲಿನ ಪಟ್ಟೆಗಳ ಅಗಲ, ಮುಖದ ಗುರುತುಗಳು, ಎಲ್ಲ ಒಂದೇ ಹುಳುವಿನದ್ದು ಬೇಕು. ರೆಕ್ಕೆಯ ನರ ಕುಟುಂಬ ಹೇಳಲೂ ಸಹಾಯಕ. ಮುಂದಿನ ರೆಕ್ಕೆಯ ಅಂಚಿನ ಹತ್ತಿರ ಸಾಲಾಗಿರುವ ಸಣ್ಣ ಕೋಶಗಳು ನೀಲಿಪಟ್ಟೆಯಲ್ಲಿ ಮೂರು, ಎಲೆ ಕತ್ತರಿಸುವ ಜೇನಿನಲ್ಲಿ ಎರಡು.

ಆಮೇಲಿಂದ ಒಂದು ಹುಳುವಿಗೆ ಒಂದು ಚಂದದ ಚಿತ್ರವಾದರೆ, ಜೊತೆಗೆ ಪಕ್ಕದಿಂದ, ಮೇಲಿನಿಂದ, ಎದುರಿನಿಂದ, ರೆಕ್ಕೆ ಕಾಣುವ ಹಾಗೆ ಎಂದು ಸಾದಾ ಚಿತ್ರಗಳನ್ನೂ ತೆಗೆಯುತ್ತಾರೆ. ಇವನ್ನು ಯಾರೂ ಗೋಡೆಗೆ ತೂಗುಹಾಕುವುದಿಲ್ಲ. ಆದರೆ ನಮ್ಮ ಬಯಲಿನ ಒಂಟಿ ಜೇನುಗಳ ಬಗ್ಗೆ ದಾಖಲೆ ಎಷ್ಟು ಕಡಿಮೆ ಎಂದು ನೋಡಿದರೆ, ಒಂದು ಸಾದಾ ರೆಕ್ಕೆಯ ಚಿತ್ರಕ್ಕೆ ಮುಖದ ಸ್ಟ್ಯಾಕಿಗಿಂತ ಹೆಚ್ಚು ಬೆಲೆ ಎಂದೇ ನನ್ನ ಅಭಿಪ್ರಾಯ.

ಗೋಡೆ

ಇದರ ಮಧ್ಯೆ ಯಜಮಾನರು ಪಂಪ್‌ಹೌಸಿಗೆ ಸಿಮೆಂಟ್ ಹಾಕಿಸಲು ಹೊರಟರು. ಮೇಸ್ತ್ರಿ ಬಂದು ಅಳತೆಯನ್ನೂ ತೆಗೆದುಕೊಂಡಾಗಿತ್ತು. ಉಪನ್ಯಾಸಕಿ ಬೇಡ ಎಂದು ಹೇಳಲಿಲ್ಲ. ಗೋಡೆ ಅವರದ್ದು, ಮಳೆಗೆ ಮೋಟಾರು ಸ್ಟಾರ್ಟರು ನೆನೆದರೆ ನಷ್ಟವೂ ಅವರದ್ದೇ. ಫೋನಿನಲ್ಲಿ ಎರಡು ಚಿತ್ರ ತೋರಿಸಿದರು. ಒಂದು, ಅವರದೇ ಬದನೆ ಹೂವನ್ನು ತಬ್ಬಿದ ನೀಲಿಪಟ್ಟೆ. ಇನ್ನೊಂದು, ಅವರದೇ ಗೋಡೆಯ ತೂತಿನಲ್ಲಿ ಅದೇ ಹುಳು. ಬದನೆ ಹೂವಿನ ವಿಷಯವನ್ನು ಕ್ಲಾಸಿನಲ್ಲಿ ಹೇಳುವ ಹಾಗೇ ಹೇಳಿದರು.

ಯಜಮಾನರು ಗೋಡೆಯ ಸುತ್ತ ಒಂದು ಸುತ್ತು ಬಂದರು. "ಮಳೆ ಹೊಡೆಯೋದು ಈ ಕಡೆಯಿಂದ. ಆ ಕಡೆ ಸೂರಿನ ಕೆಳಗೆ ನೀರೇ ಬೀಳಲ್ಲ. ಅದಕ್ಕ್ಯಾಕೆ ಸುಮ್ನೆ ಸಿಮೆಂಟು ದಂಡ?" ಅಂದರು. ಮೂರು ಕಡೆ ಗಾರೆ ಬಿತ್ತು. ಒಂದು ಕಡೆ ಮಣ್ಣು ಹಾಗೇ ಇದೆ.

ಈ ಚಿತ್ರಗಳನ್ನು ನೋಡಿದ ಮೇಲೆ ಕಾಲೇಜಿನ ಮಕ್ಕಳು ತಾವೇ ಹುಡುಕತೊಡಗಿದ್ದಾರೆ. ಒಬ್ಬಳು ಲ್ಯಾಬಿನ ಕಿಟಕಿ ಚೌಕಟ್ಟಿನ ಹಳೆಯ ಬೋಲ್ಟಿನ ತೂತಿನಲ್ಲಿ ಎಲೆ ಚೂರು ತುರುಕುತ್ತಿದ್ದ ಜೇನನ್ನು ಫೋನಿನಲ್ಲಿ ಹಿಡಿದಿದ್ದಾಳೆ. ಎಲೆ ಕತ್ತರಿಸುವ ಜೇನು ಪರಾಗವನ್ನು ಕಾಲಿನಲ್ಲಿ ತರುವುದಿಲ್ಲ, ಹೊಟ್ಟೆಯ ಅಡಿಭಾಗದ ಕೂದಲಿನಲ್ಲಿ ತರುತ್ತದೆ. ಇಂಥ ಜೇನುಗಳು ತೊಗರಿ ಹೂವಿಗೆ ಚೆನ್ನಾಗಿ ಬರುತ್ತವೆ, ಅದೂ ಬಿಸಿಲು ಏರಿದ ಮೇಲೆ. ಬೆಳಗಿನ ಜಾವದ ಲೆಕ್ಕ ಇಲ್ಲಿ ಪೂರ್ತಿ ಉಪಯೋಗಕ್ಕೆ ಬರುವುದಿಲ್ಲ, ಹೊಟ್ಟೆಯ ಅಡಿಭಾಗ ಕಾಣಬೇಕಾದರೆ ಕೆಳಗಿನಿಂದಲೇ ತೆಗೆಯಬೇಕು. ಉಪನ್ಯಾಸಕಿ ಈಗ ಒಂದು ತೊಗರಿ ಹೊಲ ನೋಡಿಟ್ಟಿದ್ದಾರೆ. ಅಲ್ಲಿ ಕಾಯಿಕೊರಕಕ್ಕೆ ಔಷಧಿ ಹೊಡೆಯುವುದು ಯಾವ ದಿನ ಎಂದು ಹೊಲದವರನ್ನು ಮೊದಲೇ ಕೇಳಿಕೊಂಡು ಬಂದಿದ್ದಾರೆ.